ಲಗೇಜ್ ಟಿಕೆಟ್ ಇಲ್ಲದ ಡ್ರಮ್

ಕಲಬುರಗಿಯ ರೋಜಾಕ್ಕೆ ಹೊಸದಾಗಿ ಬಂದವರು ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: ‘ಇಲ್ಲಿ ಹಿಂದೆ ಗುಲಾಬಿ ತೋಟ ಇತ್ತೇನ್ರಿ?’ ನಮ್ಮ ರೋಜಾ ಗುಲಾಬಿಯಲ್ಲ. ರಂಜಾನ್ ತಿಂಗಳ ಉಪವಾಸದ ರೋಜಾವೂ ಅಲ್ಲ. ಇದು ‘ರೌಜಾ’. ಅರಬಿ ಮೂಲದ ಈ ಮಾತಿಗೆ ತೋಟ ಎಂಬ ಅರ್ಥವೂ ಉಂಟು, ಸಂತರ ಸಮಾಧಿ ಎಂಬ ಅರ್ಥವೂ ಉಂಟು. ಹಾಗಾಗಿ ತೋಟದ ಪ್ರಶ್ನೆ ಕೇಳಿದವರಿಗೆ ಅರ್ಧ ಅಂಕ ಕೊಡಬಹುದು.

ಇಲ್ಲಿ ಮಲಗಿರುವವರು ಖ್ವಾಜಾ ಬಂದೇ ನವಾಜರು. 1321ರಲ್ಲಿ ಹುಟ್ಟಿ 1422ರಲ್ಲಿ ತೀರಿಕೊಂಡ, ನೂರು ದಾಟಿ ಬಾಳಿದ ಸಂತ. ತೈಮೂರನ ದಾಳಿಯ ಹೊತ್ತಿಗೆ ದಿಲ್ಲಿ ಬಿಟ್ಟು ಹೊರಟವರು ಫಿರೋಜ್ ಶಾಹ ಬಹಮನಿಯ ಕಾಲದಲ್ಲಿ ನಮ್ಮೂರಿಗೆ ಬಂದು ನೆಲೆಸಿದರು. ದರ್ಗಾದ ದಾರಿಯುದ್ದಕ್ಕೂ ಹೂವಿನ ಚಾದರ, ಅತ್ತರು, ಊದುಬತ್ತಿ, ಮಿಠಾಯಿ ಅಂಗಡಿಗಳು. ಆ ದಾರಿಯ ಒಂದು ಗಲ್ಲಿಯಲ್ಲಿ ನಮ್ಮ ಮನೆ. ಬ್ಯಾಂಕಿನ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ಬೆಳಗಿನ ನನ್ನ ಕೆಲಸವೆಂದರೆ ಮಾಳಿಗೆಯ ಮೇಲೆ ಕೂತು ಪತ್ರಿಕೆ ಓದುವುದು, ಬಿಸಿಲು ಏರಿದ ಕೂಡಲೇ ಕೆಳಗಿಳಿಯುವುದು.

ಕಳೆದ ಬೇಸಿಗೆಯಲ್ಲಿ ಆ ಮಾಳಿಗೆಯನ್ನು ನನ್ನ ಮೊಮ್ಮಗ ಮತ್ತು ಅವನ ಗೆಳೆಯರು ವಶಪಡಿಸಿಕೊಂಡರು. ನಾಲ್ವರೂ ಎಂಜಿನಿಯರಿಂಗ್ ಓದುವ ಹುಡುಗರು. ನಾಲ್ವರೂ ಸೇರಿ ಒಂದು ರಾಕ್ ಬ್ಯಾಂಡ್. ಮೊಮ್ಮಗ ಗಿಟಾರ್ ಹಿಡಿದು ಹಾಡುತ್ತಾನೆ. ಒಬ್ಬ ಬೇಸ್ ಗಿಟಾರ್ ನುಡಿಸುತ್ತಾನೆ. ಒಬ್ಬನದು ಕೀಬೋರ್ಡು ಮತ್ತು ಲ್ಯಾಪ್‌ಟಾಪ್. ನಾಲ್ಕನೆಯವನು ನಮ್ಮ ಗಲ್ಲಿಯ ಅತ್ತರು ಅಂಗಡಿಯವರ ಮಗ. ನನ್ನನ್ನು ‘ದಾದಾ’ ಎಂದು ಕರೆಯುವ ಅವನು ಡ್ರಮ್ಮಿನವನು.

ಮಾಳಿಗೆಯ ಮೇಲಿನ ಜಗಳ

ಒಂದು ದಿನ ಜಗಳ ಜೋರಾಯಿತು. ರಘು ದೀಕ್ಷಿತ್ ಪ್ರಾಜೆಕ್ಟ್, ಸ್ವರಾತ್ಮ, ಥರ್ಮಲ್ ಅಂಡ್ ಎ ಕ್ವಾರ್ಟರ್ – ಹೀಗೆ ಬೆಂಗಳೂರಿನ ಬ್ಯಾಂಡುಗಳ ಹೆಸರುಗಳೆಲ್ಲ ಗಾಳಿಯಲ್ಲಿ ಹಾರಾಡಿದವು. ಅವುಗಳಲ್ಲಿ ರಘು ದೀಕ್ಷಿತ್ ಹೆಸರು ಮಾತ್ರ ನನಗೆ ಗೊತ್ತು. ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರಿಗೆ ಕೂಡಿಸಿದವರು ಎಂದು ಮೊಮ್ಮಗನೇ ಕೇಳಿಸಿದ್ದ. ಜಗಳದ ವಿಷಯ ಇಷ್ಟು: ರಾಕ್ ಹಾಡಿಗೆ ಮನುಷ್ಯನೇ ಕೂತು ಬಾರಿಸುವ ಡ್ರಮ್ ಬೇಕೋ, ಯಂತ್ರದ ತಾಳ ಸಾಕೋ?

‘ಮುತ್ಯಾ, ನೀವ ಹೇಳ್ರಿ’ ಎಂದು ಮೊಮ್ಮಗ ಫೋನ್ ಮುಂದೆ ಹಿಡಿದ. ‘ಎರಡು ಹಾಡು ಹಾಕ್ತೀನಿ. ಯಾವುದು ಖರೇ ಡ್ರಮ್, ಯಾವುದು ಮಷೀನ್?’

ನಾನು ಓದಿದ್ದು ಬಿ.ಕಾಂ. ತಾಳ ಹಾಕಿದ್ದೇನಾದರೂ ಇದ್ದರೆ ಲೆಡ್ಜರಿನ ಮೇಲೆ ಪೆನ್ನಿನಿಂದ. ಆದರೂ ಗಂಭೀರವಾಗಿ ಕೇಳಿ ಮೊದಲನೆಯದು ಮನುಷ್ಯ, ಎರಡನೆಯದು ಯಂತ್ರ ಎಂದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಉತ್ತರ ತಿರುವುಮುರುವಾಗಿತ್ತು.

ಲ್ಯಾಪ್‌ಟಾಪಿನ ಹುಡುಗ ತಿಳಿಸಿ ಹೇಳಿದ. ಯಂತ್ರದ ತಾಳ ಕರಾರುವಾಕ್ಕಾಗಿದ್ದರೆ ಕಿವಿಗೆ ಒಣಒಣ ಅನ್ನಿಸುತ್ತದೆ. ಅದಕ್ಕೇ ಒಂದು ಪೆಟ್ಟು ಕೂದಲೆಳೆಯಷ್ಟು ಮುಂಚೆ, ಇನ್ನೊಂದು ಕೂದಲೆಳೆಯಷ್ಟು ತಡ, ಒಂದು ಜೋರು, ಒಂದು ಮೆಲ್ಲಗೆ ಎಂದು ಬೇಕಂತಲೇ ಸಣ್ಣ ತಪ್ಪುಗಳನ್ನು ಸೇರಿಸುತ್ತಾರಂತೆ. ಮನುಷ್ಯ ಬಾರಿಸಿದ್ದನ್ನು ಕಂಪ್ಯೂಟರಿನಲ್ಲಿ ಗೆರೆ ಹಾಕಿ ಒಂದೊಂದೇ ಪೆಟ್ಟನ್ನು ಎಳೆದು ಸರಿಯಾದ ಜಾಗಕ್ಕೆ ಕೂಡಿಸುತ್ತಾರಂತೆ. ಯಂತ್ರಕ್ಕೆ ಮನುಷ್ಯನ ತಪ್ಪು, ಮನುಷ್ಯನಿಗೆ ಯಂತ್ರದ ಲೆಕ್ಕ! ಇಂಥದ್ದರಲ್ಲಿ ನನ್ನಂಥವನು ಮೋಸ ಹೋಗದೆ ಇರುತ್ತಾನೆಯೇ?

ಜಗಳದ ಬೇರು ಬೇರೆ ಕಡೆ ಇತ್ತೆಂದು ಆಮೇಲೆ ತಿಳಿಯಿತು. ಕಮಲಾಪುರದಲ್ಲಿ ನನ್ನ ಹೆಂಡತಿಯ ಅಣ್ಣನ ಮೊಮ್ಮಗನ ಮದುವೆ. ಸಂಜೆ ಆರತಕ್ಷತೆಯಲ್ಲಿ ಹುಡುಗರು ನಾಲ್ಕು ಹಾಡು ಹಾಡಲಿ, ಖುಷಿಗೆ ಮೂರು ಸಾವಿರ ಕೊಡುತ್ತೇವೆ ಎಂದು ಅಲ್ಲಿಂದ ಹೇಳಿ ಕಳಿಸಿದ್ದರು. ಪೂರ್ತಿ ಡ್ರಮ್ ಸೆಟ್ಟು ಒಯ್ಯಬೇಕೆಂದರೆ ಗಾಡಿ ಮಾಡಬೇಕು. ಗಾಡಿ ಮಾಡಿದರೆ ಮೂರು ಸಾವಿರದಲ್ಲಿ ಉಳಿಯುವುದೇನು? ‘ಲ್ಯಾಪ್‌ಟಾಪಿನ್ಯಾಗ ತಾಳ ಹಾಕ್ಕೊಂಡು ಹೋಗೋಣು. ಮೂರೇ ಮಂದಿ ಸಾಕು’ ಎಂದು ಒಬ್ಬ ಅಂದಿದ್ದ. ಸಾಕಾಗಿಹೋದ ಆ ನಾಲ್ಕನೆಯವನು ಅಲ್ಲೇ ಕೂತಿದ್ದ.

ನನಗೆ ಗೊತ್ತಿದ್ದ ಮುಖ

ಆ ಹುಡುಗನ ಮುಖ ನೋಡಿದಾಗ ನನಗೆ ಬೇರೊಬ್ಬರ ಮುಖ ನೆನಪಾಯಿತು. ನಾನು ಕೆಲಸಕ್ಕೆ ಸೇರಿದಾಗ ಬ್ಯಾಂಕಿನಲ್ಲಿ ಎಲ್ಲವೂ ಕೈಬರಹ. ನಮ್ಮ ಶಾಖೆಯಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಇದ್ದರು. ಉದ್ದನೆಯ ಕಾಲಂ ಮೇಲಿನಿಂದ ಕೆಳಕ್ಕೆ ಬೆರಳಾಡಿಸುತ್ತ, ಬಾಯಲ್ಲಿ ಏನೋ ಗುನುಗುತ್ತ ಮೊತ್ತ ಹೇಳಿಬಿಡುತ್ತಿದ್ದರು. ಅರ್ಧವಾರ್ಷಿಕ ಬಡ್ಡಿ ಲೆಕ್ಕದ ದಿನಗಳಲ್ಲಿ ಅವರೇ ರಾಜ.

1983ರಲ್ಲಿ ಬ್ಯಾಂಕುಗಳ ಆಡಳಿತಕ್ಕೂ ನೌಕರರ ಸಂಘಗಳಿಗೂ ಯಂತ್ರಗಳ ಬಗ್ಗೆ ಒಪ್ಪಂದವಾಯಿತು. ಕೆಲವು ವರ್ಷಗಳಲ್ಲಿ ಲೆಡ್ಜರ್ ಪೋಸ್ಟಿಂಗ್ ಮಷೀನುಗಳು ಬಂದವು. ಯಂತ್ರ ಬಂದರೆ ಅನ್ನ ಹೋಗುತ್ತದೆ ಎಂದು ನಾವೂ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಗೇಟಿನ ಮುಂದೆ ಕೂಗಿದ್ದೆವು. ನಮ್ಮ ಅನ್ನ ಹೋಗಲಿಲ್ಲ, ನಿಜ. ಆದರೆ ಆ ಹಿರಿಯರ ಗುನುಗು ನಿಂತುಹೋಯಿತು. ಸಂಬಳ ಬರುತ್ತಲೇ ಇತ್ತು. ಅವರನ್ನು ಕೇಳಲು ಮಾತ್ರ ಯಾರೂ ಅವರ ಮೇಜಿಗೆ ಹೋಗುತ್ತಿರಲಿಲ್ಲ.

ತಮಾಷೆಯೆಂದರೆ, ಅದೇ ಹೊತ್ತಿಗೆ ಸಂಗೀತಗಾರರೂ ಹೀಗೇ ಕೂಗುತ್ತಿದ್ದರು. 1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಯೂನಿಯನ್ನಿನ ಲಂಡನ್ ಶಾಖೆಯೊಂದು ಸಿಂಥಸೈಜರು, ಡ್ರಮ್ ಮಷೀನುಗಳನ್ನು ನಿಷೇಧಿಸಬೇಕೆಂದು ಗೊತ್ತುವಳಿ ಮಾಡಿತ್ತು. ಇದನ್ನು ಹೇಳಿದವನು ಲ್ಯಾಪ್‌ಟಾಪಿನ ಹುಡುಗನೇ, ನಗುತ್ತಾ. ನನಗೆ ನಗು ಬರಲಿಲ್ಲ.

ನಿಷೇಧ ನಮ್ಮಲ್ಲಿಯೂ ಆಗಿದೆ. ಉರುಸಿನ ರಾತ್ರಿ ನಮ್ಮ ದರ್ಗಾದಲ್ಲಿ ಕವ್ವಾಲಿ ಕೇಳಿದವರಿಗೆ ಗೊತ್ತು: ಢೋಲಕ್, ಚಪ್ಪಾಳೆ ಮತ್ತು ಹಾರ್ಮೋನಿಯಂ ಇಲ್ಲದೆ ಕವ್ವಾಲಿಯೇ ಇಲ್ಲ. ಆ ಹಾರ್ಮೋನಿಯಂ ಯುರೋಪಿನಿಂದ ಬಂದ ಪೆಟ್ಟಿಗೆ. ನಮ್ಮ ಸ್ವರಗಳ ಎಳೆತ ಅದರ ಮನೆಗಳಲ್ಲಿ ಹಿಡಿಯುವುದಿಲ್ಲವೆಂದು 1940ರಲ್ಲಿ ಆಕಾಶವಾಣಿಯೇ ಅದನ್ನು ಹೊರಗಿಟ್ಟಿತ್ತು. ಸುಮಾರು ಮೂರು ದಶಕ ರೇಡಿಯೊದಲ್ಲಿ ಅದಕ್ಕೆ ಬಾಗಿಲು ಮುಚ್ಚಿತ್ತು. ಈಗ ಅದನ್ನು ಪರಕೀಯ ಅನ್ನುವವರು ಯಾರಿದ್ದಾರೆ? ಹೀಗಾಗಿ ಯಂತ್ರ ಅಂದಕೂಡಲೇ ಕೆಟ್ಟದ್ದು ಎಂದು ತೀರ್ಪು ಕೊಡಲು ನನಗೆ ಧೈರ್ಯ ಬರಲಿಲ್ಲ. ‘ನಾಲ್ಕೂ ಮಂದಿ ಬರ್ರಿ. ಒಯ್ಯಾಕ ಆಗೋದಷ್ಟೇ ಒಯ್ಯೋಣು’ ಎಂದೆ.

ಬಸ್ಸಿನಲ್ಲಿ ಸಿಕ್ಕ ಪಾಠ

ಹುಮನಾಬಾದ್ ಬೇಸ್‌ನಲ್ಲಿ ಕೆಂಪು ಬಸ್ಸು ಹತ್ತಿದೆವು. ಕಮಲಾಪುರ ಅಲ್ಲಿಂದ 35 ಕಿ.ಮೀ. ಆಸುಪಾಸು. ಪೂರ್ತಿ ಸೆಟ್ಟು ಬಿಟ್ಟು, ಸ್ನೇರ್ ಎನ್ನುವ ಚಪ್ಪಟೆ ಡ್ರಮ್ ಒಂದನ್ನೇ ಹುಡುಗ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಜೊತೆಗೆ ಯಾರಿಂದಲೋ ಕೇಳಿ ತಂದ ಒಂದು ಎಲೆಕ್ಟ್ರಾನಿಕ್ ಪ್ಯಾಡು, ಚೀಲದಲ್ಲಿ.

ಕಂಡಕ್ಟರ್ ಬಂದರು. ಡ್ರಮ್ಮನ್ನು ಬೆರಳಿನಿಂದ ಒಮ್ಮೆ ತಟ್ಟಿ, ‘ಇದಕ್ಕ ಲಗೇಜ್ ಆಗ್ತದ್ರಿ’ ಎಂದರು.

‘ಮತ್ತ ಲ್ಯಾಪ್‌ಟಾಪಿಗೆ?’ ಎಂದೆ.

‘ಅದಕ್ಕೆಲ್ಲಿ ಲಗೇಜ್ರಿ, ಕೈಚೀಲ ಇದ್ದಂಗ.’

ನನ್ನ ಹೆಂಡತಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್, ಲ್ಯಾಪ್‌ಟಾಪಿಗೆ ಟಿಕೆಟ್ಟೇ ಇಲ್ಲ. ದುಡ್ಡು ಕೊಟ್ಟು ಹೊರಟವರು ನಾವು ಗಂಡಸರು ಮತ್ತು ಡ್ರಮ್ಮು. ಮಾಳಿಗೆಯ ಮೇಲೆ ಎರಡು ತಾಸು ನಡೆದ ವಾದವನ್ನು ಕಂಡಕ್ಟರ್ ಎರಡು ಮಾತಿನಲ್ಲಿ ಮುಗಿಸಿದ್ದರು. ಯಂತ್ರ ಗೆಲ್ಲುತ್ತಿರುವುದು ಚೆನ್ನಾಗಿ ಬಾರಿಸುತ್ತದೆಂದಲ್ಲ, ಹಗುರಾಗಿದೆ ಎಂದು.

ಮಹಾಗಾಂವ ಕ್ರಾಸ್ ಬರುವವರೆಗೂ ಎರಡೂ ಬದಿಗೆ ತೊಗರಿ ಕಿತ್ತು ಬರಿದಾದ ಕರಿಭೂಮಿ. ಕಿಟಕಿಯಿಂದ ಬಿಸಿಗಾಳಿ. ಹುಡುಗರ ವಾದ ಮತ್ತೆ ಶುರುವಾಯಿತು. ಈ ಸಲ ನಾನೂ ಕಿವಿಗೊಟ್ಟೆ.

ಲ್ಯಾಪ್‌ಟಾಪಿನವನು ಇಂಗ್ಲೆಂಡಿನ ನ್ಯೂ ಆರ್ಡರ್ ಬ್ಯಾಂಡಿನ ಕಥೆ ಹೇಳಿದ. ಮ್ಯಾಂಚೆಸ್ಟರಿನ ಸಣ್ಣ ಸ್ವತಂತ್ರ ಕಂಪನಿಯೊಂದರಿಂದ 1983ರಲ್ಲಿ ಅವರ ‘ಬ್ಲೂ ಮಂಡೇ’ ಬಂತು. ಏಳು ನಿಮಿಷಕ್ಕೂ ಉದ್ದದ ಆ ಹಾಡು ಶುರುವಾಗುವುದೇ ಡ್ರಮ್ ಮಷೀನಿನ ಪೆಟ್ಟಿನಿಂದ. ಬ್ಯಾಂಡಿನಲ್ಲಿ ಸ್ಟೀಫನ್ ಮಾರಿಸ್ ಎಂಬ ಒಳ್ಳೆಯ ಡ್ರಮ್ಮರ್ ಇದ್ದೇ ಇದ್ದ. ಯಂತ್ರ ಬಂತೆಂದು ಅವನು ಎದ್ದು ಹೋಗಲಿಲ್ಲ, ಅದನ್ನೂ ಕಲಿತ. ಡೆಫ್ ಲೆಪರ್ಡ್ ಬ್ಯಾಂಡಿನ ರಿಕ್ ಆಲೆನ್‌ನದು ಇನ್ನೂ ದೊಡ್ಡ ಕಥೆ. 1984ರ ಕೊನೆಯ ದಿನ ಕಾರು ಅಪಘಾತದಲ್ಲಿ ಎಡಗೈ ಹೋಯಿತು. ವಯಸ್ಸು 21. ಎಡಗೈ ಬಾರಿಸುತ್ತಿದ್ದ ಪೆಟ್ಟುಗಳನ್ನು ಎಡಗಾಲಿನಿಂದ ಬಾರಿಸಲು ಬರುವಂತೆ ಎಲೆಕ್ಟ್ರಾನಿಕ್ ಡ್ರಮ್ ಮಾಡಿಸಿಕೊಂಡ. 1986ರಲ್ಲಿ ಡಾನಿಂಗ್ಟನ್‌ನ ದೊಡ್ಡ ವೇದಿಕೆಗೆ ಮರಳಿ ಬಂದ. ‘ಮಷೀನ್ ಇರಲಿಲ್ಲಂದ್ರ ಅವ ಮನ್ಯಾಗ ಕೂಡ್ತಿದ್ದ, ಮುತ್ಯಾ!’

ಮಕ್ಕಳೇ, ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಡ್ರಮ್ಮಿನ ಹುಡುಗನಲ್ಲಿ ಇತ್ತು.

ಅವನು ಮೊದಲು ಯಂತ್ರಗಳಲ್ಲಿ ಎರಡು ಬಗೆ ಎಂದು ವಿವರಿಸಿದ. 1980ರ ರೋಲ್ಯಾಂಡ್ 808ರಂಥ ಯಂತ್ರ ತನ್ನೊಳಗಿನ ವಿದ್ಯುತ್ತಿನಿಂದಲೇ ಡುಮ್ ಡುಮ್ ಶಬ್ದ ಹುಟ್ಟಿಸುತ್ತದೆ. ಅದೇ ವರ್ಷ ಅಮೆರಿಕದ ರೋಜರ್ ಲಿನ್ ಮಾಡಿದ ಯಂತ್ರ ಹಾಗಲ್ಲ. ನಿಜವಾದ ಡ್ರಮ್ಮನ್ನು ಮನುಷ್ಯ ಬಾರಿಸಿದ ಶಬ್ದವನ್ನೇ ಹಿಡಿದು ಚಿಪ್ಪಿನಲ್ಲಿ ತುಂಬಿದ್ದು. ಅಂದರೆ ಎರಡನೆಯ ಬಗೆಯ ಯಂತ್ರದೊಳಗೆ ಯಾವನೋ ಒಬ್ಬನ ಕೈ ಇದೆ.

‘ಒಂದು ಸಣ್ಣ ತುಣುಕು ಅದ, ದಾದಾ’ ಎಂದ. ‘1969ರ ಹಾಡು. ವಿನ್‌ಸ್ಟನ್ಸ್ ಅಂತ ಬ್ಯಾಂಡು. ನಡುವ ಡ್ರಮ್ಮರ್ ಒಬ್ಬನೇ ನಾಲ್ಕು ಆವರ್ತ ಬಾರಸ್ತಾನ. ಏಳು ಸೆಕೆಂಡೂ ಇಲ್ಲ. ಆಮ್ಯಾಲ ಅದನ್ನ ಕತ್ತರಿಸಿ ಸಾವಿರಾರು ಹಾಡಿನ್ಯಾಗ ಹಾಕ್ಕೊಂಡರು. ಇವತ್ತಿಗೂ ಹಾಕ್ಕೊಳ್ತಾರ. ಬಾರಿಸಿದವನ ಹೆಸರು ಗ್ರೆಗರಿ ಕೋಲ್‌ಮನ್. ಅವಗ ಅದರಿಂದ ಒಂದು ಪೈಸೆ ಬರಲಿಲ್ಲ. 2006ರಾಗ ಸತ್ತ. ಸಾಯೋವಾಗ ಇರ್ಲಾಕ ಮನಿ ಇರಲಿಲ್ಲ.’

ಬಸ್ಸಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಹೆಂಡತಿ ಚೀಲದಿಂದ ಖಾರಾ ಚುರುಮುರಿ ತೆಗೆದು ಎಲ್ಲರಿಗೂ ಹಂಚಿದಳು.

ಕಮಲಾಪುರದ ಹಲಗಿ

ಕಮಲಾಪುರ ಎಂದರೆ ಹಂಪಿ ಪಕ್ಕದ್ದಲ್ಲ. ಇದು ನಮ್ಮ ಜಿಲ್ಲೆಯ ಕಮಲಾಪುರ, ಕೆಂಬಾಳೆಯ ಊರು. ಇಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸಿಪ್ಪೆ ಕೆಂಪು, ತಿರುಳು ದಪ್ಪ, ಬೆಲೆ ಮಾಮೂಲಿ ಬಾಳೆಗಿಂತ ಜಾಸ್ತಿ. ಗಿಡ ಫಲಕ್ಕೆ ಬರುವುದೂ ತಡ. ಹಂದರದ ಬಾಗಿಲಲ್ಲಿ ಆ ಗೊನೆಗಳನ್ನೇ ಕಟ್ಟಿದ್ದರು. ಊರೊಳಗಿನ ಗುಡಿಯಲ್ಲಿ ಮಂಗಳಾರತಿಯ ಸದ್ದು ಕೇಳಿತು. ನಗಾರಿ, ಜಾಗಟೆ, ಗಂಟೆ ಮೂರೂ ಒಟ್ಟಿಗೆ, ಒಂದಿನಿತೂ ತಪ್ಪದೆ. ಇಣುಕಿ ನೋಡಿದರೆ ಮೋಟಾರು. ಈಗ ಎಷ್ಟೋ ಗುಡಿಗಳಲ್ಲಿ ಹೀಗೆಯೇ ಗುಂಡಿ ಒತ್ತಿದರೆ ನಗಾರಿ ಬಾರಿಸುತ್ತದೆ. ಹೊಡೆಯುವವರು ಸಿಗುವುದಿಲ್ಲ ಎನ್ನುತ್ತಾರೆ ಗುಡಿಯವರು. ಕರೆಯುವವರಿಲ್ಲ ಎನ್ನುತ್ತಾರೆ ಹೊಡೆಯುವವರು.

ಸಂಜೆ ವರನ ಮೆರವಣಿಗೆ. ಮುಂದೆ ನಾಲ್ವರು ಹಲಗಿಯವರು. ಅವರ ಮುಂದಾಳಿಗೆ ನನಗಿಂತ ಸ್ವಲ್ಪವೇ ಕಡಿಮೆ ವಯಸ್ಸು. ಎಡಗೈಯಲ್ಲಿ ಉದ್ದನೆಯ ತೆಳು ಕಡ್ಡಿ, ಬಲಗೈಯಲ್ಲಿ ಗಿಡ್ಡ ಕೋಲು. ಹಿಂದೆಲ್ಲ ಬಾರಿಸುವ ಮೊದಲು ಚರ್ಮ ಬಿಗಿಯಾಗಲೆಂದು ಹಲಗಿಯನ್ನು ಬೆಂಕಿಗೆ ಹಿಡಿಯುತ್ತಿದ್ದರು. ಇವರು ಹಿಡಿಯಲಿಲ್ಲ. ಹತ್ತಿರ ಹೋಗಿ ನೋಡಿದರೆ ಹಲಗಿಗೆ ಚರ್ಮವೇ ಇಲ್ಲ, ಫೈಬರ್! ‘ಮಳಿ ಬಂದ್ರೂ ಚಿಂತಿ ಇಲ್ರಿ. ಚರ್ಮದ್ದು ಮನ್ಯಾಗ ಇಟ್ಟೀನಿ. ಅದರ ದನಿ ಇದಕ್ಕ ಬರಂಗಿಲ್ಲ’ ಎಂದರು ಮುಂದಾಳು.

ಮೆರವಣಿಗೆಯಲ್ಲಿ ನಾನು ಒಂದು ಸಂಗತಿ ಗಮನಿಸಿದೆ. ವರನ ಅಜ್ಜಿ, ಎಂಬತ್ತು ದಾಟಿದವರು, ನಡೆದೇ ಬರುತ್ತೇನೆಂದು ಹಟ ಹಿಡಿದಿದ್ದರು. ಮುಂದಾಳು ಹಿಂದಿಂದಕ್ಕೆ ಹೆಜ್ಜೆ ಹಾಕುತ್ತ ಆ ಅಜ್ಜಿಯ ಕಾಲನ್ನೇ ನೋಡುತ್ತಿದ್ದರು. ಅವರು ನಿಂತರೆ ಹಲಗಿ ಮೆಲ್ಲಗಾಗುತ್ತಿತ್ತು. ಅವರು ಹೆಜ್ಜೆ ಎತ್ತಿದರೆ ಚುರುಕಾಗುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಇಡೀ ಮೆರವಣಿಗೆ ಆ ಮುದುಕಿಯ ಕಾಲಿನ ವೇಗದಲ್ಲಿ ಸಾಗಿತು. ನಮ್ಮ ಡ್ರಮ್ಮಿನ ಹುಡುಗನೂ ಅದನ್ನು ನೋಡಿದ. ಏನೂ ಹೇಳದೆ ನನ್ನ ತೋಳು ಮುಟ್ಟಿದ, ಅಷ್ಟೇ.

ಆರತಕ್ಷತೆಯಲ್ಲಿ ಹುಡುಗರ ಹಾಡು ಚೆನ್ನಾಗಿಯೇ ಆಯಿತು. ಸ್ನೇರ್ ಒಂದನ್ನೇ ಇಟ್ಟುಕೊಂಡು ಅವನು ಬಾರಿಸಿದ, ಉಳಿದ ಪೆಟ್ಟುಗಳು ಪ್ಯಾಡಿನಿಂದ ಬಂದವು. ಊಟದ ಮೊದಲು ಲ್ಯಾಪ್‌ಟಾಪಿನ ಹುಡುಗನಿಗೆ ಒಂದು ಆಸೆ ಹುಟ್ಟಿತು. ಹಲಗಿಯ ಮುಂದಾಳನ್ನು ಒಳಗೆ ಕರೆದು, ‘ಕಾಕಾ, ನಿಮ್ಮ ಹಲಗಿ ಪೆಟ್ಟು ಹಿಡಕೊಳ್ತೀನ್ರಿ’ ಎಂದ. ನನ್ನ ಬಾಲ್ಯದಲ್ಲಿ ಹಲಗಿಯವರು ಹಂದರದ ಹೊರಗೇ ನಿಲ್ಲಬೇಕಿತ್ತು. ಊಟವೂ ಕೊನೆಗೆ. ಕಾಲ ಅಷ್ಟರಮಟ್ಟಿಗೆ ಬದಲಾಗಿದೆ. ಆದರೂ ಅವರು ಕುರ್ಚಿಯ ಅಂಚಿನಲ್ಲೇ ಕೂತರು. ಜೋರು ಪೆಟ್ಟು, ಮೆಲು ಪೆಟ್ಟು, ಕಡ್ಡಿಯ ಪೆಟ್ಟು, ಅಂಚಿನ ಪೆಟ್ಟು ಎಂದು ಎಂಟು ಬಗೆ ಬಾರಿಸಿದರು. ಹುಡುಗ ಮೈಕಿನಲ್ಲಿ ಹಿಡಿದು, ಪ್ಯಾಡಿಗೆ ತುಂಬಿ, ‘ಈಗ ಇದರ ಮ್ಯಾಲ ಹೊಡೀರಿ’ ಎಂದ.

ಅವರು ಅನುಮಾನಿಸುತ್ತಲೇ ರಬ್ಬರಿನ ಮೇಲೆ ಕೋಲು ಇಟ್ಟರು. ಸ್ಪೀಕರಿನಲ್ಲಿ ಅವರದೇ ಹಲಗಿ ಗುಡುಗಿತು. ಮುಖ ಅರಳಿತು. ಒಂದು ನಿಮಿಷ ಪಟಪಟನೆ ಬಾರಿಸಿದರು. ಸುತ್ತ ಸೇರಿದ ಮಕ್ಕಳು ಕುಣಿದರು. ಆಮೇಲೆ ಕೋಲು ನಿಂತಿತು.

‘ಇದು ನಂದ ಪೆಟ್ಟು, ಖರೇ ಅದ. ನಾ ಬರದಿದ್ರೂ ಇದು ಬಾರಸ್ತದಲ್ರೀ?’

‘ಹೌದ್ರಿ ಕಾಕಾ.’

‘ಹಂಗಾರ ರೊಕ್ಕ ಯಾರಿಗೆ?’

ಯಾರೂ ಮಾತಾಡಲಿಲ್ಲ. ಡ್ರಮ್ಮಿನ ಹುಡುಗ ಲ್ಯಾಪ್‌ಟಾಪಿನವನ ಮುಖ ನೋಡಿದ. ಬಸ್ಸಿನಲ್ಲಿ ಕೇಳಿದ ಆ ಏಳು ಸೆಕೆಂಡಿನ ಕಥೆ ಕಮಲಾಪುರಕ್ಕೆ ನಮ್ಮ ಜೊತೆಗೇ ಬಂದಿತ್ತು. ಲ್ಯಾಪ್‌ಟಾಪಿನವನು ತಲೆ ತಗ್ಗಿಸಿ, ‘ಬ್ಯಾಡಂದ್ರ ಅಳಿಸಿಬಿಡ್ತೀನ್ರಿ’ ಎಂದ.

‘ಅಳಸು ಅಂದಿಲ್ಲಪ್ಪ. ರೊಕ್ಕ ಯಾರಿಗೆ ಅಂತ ಕೇಳಿದೆ.’

ಒಂದು ಹೊಸ ಖಾತೆ

ಸಂಗೀತದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಇದು ಲೆಕ್ಕದ ಪ್ರಶ್ನೆ. 3,000 ರೂಪಾಯಿಯನ್ನು ನಾಲ್ವರಿಗೆ ಹಂಚಿದರೆ ತಲೆಗೆ 750. ಐದು ಪಾಲು ಮಾಡಿದರೆ 600. ಮೊಮ್ಮಗ ನನ್ನ ಮುಖ ನೋಡಿದ. ನಾನು ಬಾಯಿ ಬಿಡುವ ಮೊದಲೇ ಅವನೇ 600 ಎಣಿಸಿ ಮುಂದೆ ಹಿಡಿದ. ಹಿರಿಯರು ತಕರಾರಿಲ್ಲದೆ ತೆಗೆದುಕೊಂಡು ಅಂಗಿಯ ಒಳಜೇಬಿಗೆ ಇಟ್ಟರು. ‘ಇದು ಇವತ್ತಿಂದು. ಮುಂದ ಬಾರಿಸಿದಾಗ?’ ಎಂದು ಕೇಳಿದರು. ನಲವತ್ತು ವರ್ಷ ಗಿರಾಕಿಗಳನ್ನು ನೋಡಿದ ನನಗೆ ಆ ಪ್ರಶ್ನೆ ಬಹಳ ಇಷ್ಟವಾಯಿತು.

ಮನೆಗೆ ಬಂದ ಮೇಲೆ ಒಂದು ಉದ್ದನೆಯ ಪುಸ್ತಕಕ್ಕೆ ಗೆರೆ ಹೊಡೆದೆ. ತಾರೀಖು, ಕಾರ್ಯಕ್ರಮ, ಬಂದ ಹಣ, ಹಲಗಿ ಬಳಸಿದ್ದು ಹೌದೋ ಅಲ್ಲವೋ, ಪಾಲು. ಆ ಶಬ್ದ ಬಳಸಿ ಹಣ ಬಂದಾಗಲೆಲ್ಲ ಒಂದು ಪಾಲು ಅವರ ಮಗನ ಫೋನಿಗೆ ಹೋಗುತ್ತದೆ. ಇಲ್ಲಿಯವರೆಗೆ ಐದು ನಮೂದು ಆಗಿವೆ. ಎರಡರಲ್ಲಿ ಹಣ ಬಂದಿಲ್ಲ, ಅಲ್ಲಿ ಸೊನ್ನೆ ಬರೆದಿದ್ದೇನೆ. ಒಂದರಲ್ಲಿ ಅವರೇ ಖುದ್ದು ಚರ್ಮದ ಹಲಗಿ ಹಿಡಿದು ಬಂದಿದ್ದರು. ಅವರ ಹಲಗಿ ಹುಮ್ಮಸ್ಸಿನಲ್ಲಿ ಓಡಿತು, ಲ್ಯಾಪ್‌ಟಾಪ್ ತನ್ನದೇ ವೇಗದಲ್ಲಿ ನಡೆಯಿತು, ಹಾಡು ನಡುದಾರಿಯಲ್ಲಿ ಮುಗ್ಗರಿಸಿತು. ಕೊನೆಗೆ ಹುಡುಗ ಲ್ಯಾಪ್‌ಟಾಪ್ ಮುಚ್ಚಿ ಕೈಚಪ್ಪಾಳೆ ತಟ್ಟಲು ನಿಂತ. ಅಲ್ಲಿಂದ ಹಾಡು ಎದ್ದು ಓಡಿತು.

ಹಾಗೆಂದು ಜಗಳ ಮುಗಿದಿದೆ ಎಂದುಕೊಳ್ಳಬೇಡಿ. ಪ್ರತಿ ಭಾನುವಾರ ಮಾಳಿಗೆಯ ಮೇಲೆ ಅದು ನಡೆದೇ ಇದೆ. ಯಂತ್ರವೋ ಮನುಷ್ಯನೋ ಎಂದು ನನ್ನನ್ನು ಕೇಳಿದರೆ ಈಗಲೂ ತಪ್ಪು ಉತ್ತರವನ್ನೇ ಕೊಡುತ್ತೇನೆ. ಯಾರ ಪೆಟ್ಟು, ಅವರ ಪಾಲು ಎಷ್ಟು ಎಂದು ಕೇಳಿದರೆ ಮಾತ್ರ ಪುಸ್ತಕ ತೆಗೆದು ತೋರಿಸಬಲ್ಲೆ. ಅದರ ನಡುವೆ ಗುರುತಿಗೆ ಇಟ್ಟಿರುವುದು ಕಮಲಾಪುರದ ಬಸ್ಸಿನ ಆ ಲಗೇಜ್ ಟಿಕೆಟ್.

ಕಳೆದ ಶನಿವಾರದ ಕಾರ್ಯಕ್ರಮದ ಹಣ ಇನ್ನೂ ಬಂದಿಲ್ಲ. ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ಬಂದ ಕೂಡಲೇ ಶಾಯಿಯಲ್ಲಿ ತಿದ್ದುತ್ತೇನೆ.